ಬಲಗಡೆಯ ಹಿಂದಿನ ಚಕ್ರ

ನಾವುಂದದ ನಮ್ಮ ಕಡಲ ತೀರದಲ್ಲಿ ಕೈರಂಪಣಿ ಬಲೆ ಎಳೆಯುವ ದಿನ ಮೀನು ಕೊಳ್ಳುವವರ ಗಾಡಿಗಳು ಮರಳಿಗೇ ಇಳಿಯುತ್ತವೆ. ಇಪ್ಪತ್ತು ಮೂವತ್ತು ಜನ ದಡದಲ್ಲಿ ನಿಂತು ಹಗ್ಗ ಹಿಡಿದು ಬಲೆ ಎಳೆಯುತ್ತಾರೆ. ಆ ಬಲೆ ಎಲ್ಲಿ ಬಂದು ನಿಲ್ಲುತ್ತದೋ ಅಲ್ಲಿಗೇ ಗಾಡಿ ಹೋಗಬೇಕು. ಬುಟ್ಟಿ ಹೊತ್ತು ರಸ್ತೆಗೆ ತರುತ್ತ ಕೂತರೆ ಐಸು ಕರಗುತ್ತದೆ, ಶಂಕರನಾರಾಯಣ, ಕೆರಾಡಿ ಕಡೆಯ ಗಿರಾಕಿಗಳು ಕಾದು ಬೇಸತ್ತು ಬೇರೆ ಗಾಡಿಯ ಮೀನು ಕೊಂಡಿರುತ್ತಾರೆ. ಆದರೆ ಗಟ್ಟಿಯಾಗಿ ಗಾಳಿ ತುಂಬಿದ ಚಕ್ರ ಮರಳಿನಲ್ಲಿ ಹೂತುಹೋಗುತ್ತದೆ.

ಅದಕ್ಕೆ ನಮ್ಮಲ್ಲಿ ಒಂದು ಕ್ರಮ ಇದೆ. ಮರಳು ಶುರುವಾಗುವ ಕಡೆ ಗಾಡಿ ನಿಲ್ಲಿಸಿ, ಹಿಂದಿನ ಎರಡು ಚಕ್ರಗಳ ವಾಲ್ವಿನ ಮುಚ್ಚಳ ತೆಗೆದು, ಬೀಗದ ಕೈಯ ತುದಿಯಿಂದ ಒಳಗಿನ ಸಣ್ಣ ಮೊಳೆಯನ್ನು ಒತ್ತಿ ಹಿಡಿಯುವುದು. ಒಬ್ಬರು ಒತ್ತಿದರೆ ಇನ್ನೊಬ್ಬರು ಗಟ್ಟಿಯಾಗಿ ಎಣಿಸಬೇಕು. ಅರವತ್ತಕ್ಕೆ ಕೈ ತೆಗೆಯಬೇಕು. ಆಗ ಟೈರು ಅಂಗಾಲಿನ ಹಾಗೆ ಅಗಲವಾಗಿ ಮರಳಿನ ಮೇಲೆ ಕೂರುತ್ತದೆ, ಗಾಡಿ ಹೂಳದೆ ಹೋಗಿ ಬರುತ್ತದೆ. ವಾಪಸು ಹೆದ್ದಾರಿಗೆ ಹತ್ತಿದ ಕೂಡಲೇ ಪೆಟ್ರೋಲ್ ಬಂಕಿನಲ್ಲಿ ಮೊದಲು ಗಾಳಿ, ಆಮೇಲೆ ಮಿಕ್ಕಿದ್ದು. ಮನೆಗೆ ಬಂದ ಮೇಲೆ ನಾಲ್ಕೂ ಚಕ್ರಕ್ಕೆ ಬಾವಿಯ ಸಿಹಿನೀರು ಹೊಯ್ಯಬೇಕು. ಉಪ್ಪುನೀರು ರಿಮ್ಮಿನ ಅಂಚನ್ನು ತಿಂದರೆ ಅಲ್ಲಿಂದಲೇ ಗಾಳಿ ಸೋರುತ್ತದೆ. ಇದನ್ನೆಲ್ಲ ಯಾರೂ ಬರೆದಿಟ್ಟಿಲ್ಲ. ಗಾಡಿ ಇರುವ ಮನೆಯವರಿಗೆಲ್ಲ ಗೊತ್ತು.

ನಮ್ಮ ಮನೆಯಲ್ಲಿ ಬೀಗದ ಕೈ ಒತ್ತುವವನು ಅಣ್ಣ. ಎಣಿಸುವವಳು ಮೊದಲು ಅಮ್ಮ, ಆಮೇಲೆ ನಾನು. ಅಮ್ಮ ಮದುವೆಯಾಗಿ ಬಂದಲ್ಲಿಂದ ಮೀನು ಮಾರಿದವಳು. ಮೊದಲು ತಲೆಯ ಮೇಲೆ ಬುಟ್ಟಿ, ಆಮೇಲೆ ಬಸ್ಸು, ಈಗ ಅಣ್ಣನ ವ್ಯಾನು. ಮನೆಯಲ್ಲಿ ಓದಿದವಳು ನಾನೊಬ್ಬಳೇ. ಎಂಎಸ್‌ಸಿ ಮುಗಿಸಿ ಕುಂದಾಪುರದ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತೇನೆ. ಕಾಲೇಜು ಇಲ್ಲದ ದಿನ ಬೆಳಿಗ್ಗೆ ಅಣ್ಣನ ಜೊತೆ ತೀರಕ್ಕೆ ಹೋಗುವುದು ಚಿಕ್ಕಂದಿನಿಂದ ಬಂದ ರೂಢಿ.

ಪಾಠ ಮಾಡಲು ಶುರು ಮಾಡಿದ ವರ್ಷ ನಾನು ಗಾಳಿಯ ಒತ್ತಡ ಅಳೆಯುವ ಪೆನ್ನಿನಂಥದ್ದೊಂದು ಗೇಜು ತಂದಿದ್ದೆ. ಎಣಿಸುವುದು ಅಳತೆಯಲ್ಲ, ಹಿಂದಿನ ಚಕ್ರಕ್ಕೆ ಮೂವತ್ತಾರು ಪೌಂಡು ಗಾಳಿ ಇರಬೇಕೆಂದು ಗಾಡಿಯ ಬಾಗಿಲಿನ ಪಕ್ಕದಲ್ಲೇ ಬರೆದಿದೆ ಎಂದು ಅಣ್ಣನಿಗೆ ತೋರಿಸಿದೆ. ಅವನು ಅಮ್ಮನನ್ನು ಕೂಗಿದ.

"ಹ್ವಾಯ್, ಅಮ್ಮ! ಇಲ್ಕಾಣ್, ಗಾಡಿಗೆ ಬಿಪಿ ಕಾಂಬುಕೆ ಡಾಕ್ಟ್ರಮ್ಮ ಬಂದಿರ್!"

ಅಮ್ಮ ಮೀನಿನ ಚಿಪ್ಪು ಕೆರೆಯುತ್ತ ತಲೆ ಎತ್ತದೆ, "ಬಿಪಿ ಕಂಡ್ ಆರ್ಮೇಲೆ ಶುಗರೂ ಕಾಣುಕ್ ಹೇಳ್" ಅಂದಳು.

ನಗೆಯಾಯಿತು. ಆದರೆ ಅಣ್ಣ ಆ ಗೇಜನ್ನು ತೆಗೆದು ಗಾಡಿಯ ಮುಂದಿನ ಡಬ್ಬಿಯಲ್ಲಿಟ್ಟ. ಅಲ್ಲಿಂದ ಚಕ್ರದ ಕೆಲಸ ನನ್ನದಾಯಿತು. ನಾನಿದ್ದ ದಿನ ಗಾಳಿ ತುಂಬಿಸುವುದು, ಅಳೆಯುವುದು, ಟೈರಿನ ಗೆರೆಗಳ ನಡುವೆ ಸಿಕ್ಕಿದ ಕಲ್ಲು ಕೀಳುವುದು, ಪಕ್ಕದ ರಬ್ಬರಿನಲ್ಲಿ ಉಬ್ಬು ಇದೆಯೇ ಎಂದು ಕೈಯಾಡಿಸಿ ನೋಡುವುದು. ಅಣ್ಣ ದೂರದಿಂದ ಒಂದೇ ಮಾತು ಕೇಳುತ್ತಿದ್ದ: "ಬಿಪಿ ಸಮ ಇತ್ತಾ?" ನಾನು "ಸಮ ಇತ್ತ್" ಅಂದರೆ ಗಾಡಿ ಹೊರಡುತ್ತಿತ್ತು. ಅವನು ಒಮ್ಮೆಯೂ ಇಳಿದು ನೋಡಿದವನಲ್ಲ.

ಆ ದಿನ ಭಾನುವಾರ. ಬ್ರಹ್ಮಾವರದ ಹತ್ತಿರ ಚಿಕ್ಕಮ್ಮನ ಮನೆಯಲ್ಲಿ ಅವರ ಮಗಳ ಮಗುವನ್ನು ತೊಟ್ಟಿಲಿಗೆ ಹಾಕುವ ಶಾಸ್ತ್ರ. ಬೆಳಿಗ್ಗೆ ಬಲೆ ಎಳೆಯುವುದೂ ಇತ್ತು. ಅಣ್ಣ ನಾಲ್ಕು ಗಂಟೆಗೆ ಎದ್ದಿದ್ದ. ತೀರದಿಂದ ನೇರವಾಗಿ ಹೊರಡುವುದೆಂದು ನಾನೂ ಅಮ್ಮನೂ ಸಿದ್ಧವಾಗಿಯೇ ಗಾಡಿ ಹತ್ತಿದ್ದೆವು. ನಾನು ಉಟ್ಟಿದ್ದು ಒಂದು ತಿಳಿಹಸಿರು ರೇಷ್ಮೆ ಸೀರೆ. ಇದನ್ನು ಬರೆಯಲೇಬೇಕು, ಏಕೆಂದರೆ ಮುಂದಿನದೆಲ್ಲ ಆ ಸೀರೆಯಿಂದ ಆಯಿತು.

ಮರಳಿನ ಅಂಚಿನಲ್ಲಿ ಅಣ್ಣ ಗಾಳಿ ಬಿಟ್ಟ, ನಾನು ದೂರ ನಿಂತು ಎಣಿಸಿದೆ. ಒಳ್ಳೆ ಮೀನು ಸಿಕ್ಕಿತು. ಹೆಚ್ಚಿನದನ್ನು ಇನ್ನೊಬ್ಬರ ಗಾಡಿಗೆ ದಾಟಿಸಿ, ಚಿಕ್ಕಮ್ಮನ ಮನೆಯ ಊಟಕ್ಕೆಂದು ಎರಡು ದೊಡ್ಡ ಐಸ್ ಪೆಟ್ಟಿಗೆಗಳಲ್ಲಿ ಅಂಜಲ್ ಮತ್ತು ಬಂಗುಡೆ ತುಂಬಿಸಿಕೊಂಡೆವು. ಪೆಟ್ಟಿಗೆಗಳು ಗಾಡಿಯ ಹಿಂಭಾಗದಲ್ಲಿ, ಅವುಗಳ ಮುಂದಿನ ಸೀಟಿನಲ್ಲಿ ನಾನು, ಅಣ್ಣನ ಎಡಕ್ಕೆ ಅಮ್ಮ. ಹೊತ್ತಾಗಿತ್ತು. ಬಂಕಿನಲ್ಲಿ ಅಣ್ಣ ಕೈಕಾಲು ತೊಳೆದು ಅಂಗಿ ಬದಲಿಸಲು ಹೋಗುತ್ತ ನನಗೆ ಹೇಳಿದ.

"ಗಾಳಿ ಕಂಡ್ಕ ಹೆಣೆ. ಬೇಗ ಮಾಡ್. ಚಿಕ್ಕಮ್ಮ ಈಗ್ಳೇ ಎರಡ್ ಸಲ ಫೋನ್ ಮಾಡಿ ಆಯ್ತ್."

ಗಾಳಿ ಹಾಕುವವನು ಚಹಾ ಕುಡಿಯಲು ಹೋಗಿದ್ದ. ನನಗೆ ಆ ಯಂತ್ರ ಹೊಸತಲ್ಲ. ಎಡಗಡೆಯ ಹಿಂದಿನ ಚಕ್ರಕ್ಕೆ ತುಂಬಿಸಿದೆ. ಮೂವತ್ತಾರು. ಮುಚ್ಚಳ ಹಾಕಿದೆ. ಬಲಗಡೆಗೆ ಬಂದೆ. ನಮ್ಮ ಮುಂಚೆ ಅಲ್ಲಿ ನಿಂತಿದ್ದ ಯಾವುದೋ ಮೀನಿನ ಗಾಡಿಯಿಂದ ಸೋರಿದ ನೀರು ಚಕ್ರದ ಸುತ್ತ ಕಪ್ಪಾಗಿ ನಿಂತಿತ್ತು. ವಾಲ್ವು ಕೆಳಗಡೆ, ನೆಲದ ಹತ್ತಿರವೇ ಇತ್ತು. ಅದನ್ನು ಮುಟ್ಟಬೇಕಾದರೆ ಮೊಣಕಾಲೂರಬೇಕು. ನಾನು ಸೀರೆಯ ನೆರಿಗೆ ಎತ್ತಿ ಹಿಡಿದು ಒಂದು ಕ್ಷಣ ನಿಂತೆ. ಚಪ್ಪಲಿಯ ತುದಿಯಿಂದ ಟೈರನ್ನು ಒದ್ದು ನೋಡಿದೆ. ಗಟ್ಟಿ ಇದ್ದ ಹಾಗೆ ಅನಿಸಿತು. ಟೈರು ಅರ್ಧ ಖಾಲಿಯಾದರೂ ಕಾಲಿಗೆ ಗಟ್ಟಿಯಾಗಿಯೇ ತಾಗುತ್ತದೆ ಎಂದು ನನಗೆ ಗೊತ್ತಿತ್ತು. ಮಕ್ಕಳಿಗೆ ಪಾಠ ಮಾಡುವವಳಿಗೆ ಗೊತ್ತಿರಲಿಲ್ಲ ಎಂದರೆ ಯಾರು ನಂಬುತ್ತಾರೆ? ಬರುವಾಗ ಹಾಕಿದರಾಯಿತು ಅಂದುಕೊಂಡೆ. ಪೈಪನ್ನು ಅದರ ಕೊಕ್ಕೆಗೆ ಸಿಕ್ಕಿಸಿದೆ.

ಅಣ್ಣ ತಲೆ ಬಾಚುತ್ತ ಬಂದು ಸೀಟಿಗೆ ಹತ್ತಿದ. "ಬಿಪಿ ಸಮ ಇತ್ತಾ?"

"ಸಮ ಇತ್ತ್."

ಮರವಂತೆ ದಾಟಿದೆವು. ಒಂದು ಕಡೆ ಕಡಲು, ಇನ್ನೊಂದು ಕಡೆ ಹೊಳೆ. ಅಮ್ಮ ಮಗುವಿಗೆ ತಂದ ಬೆಳ್ಳಿಯ ಉಡಿದಾರವನ್ನು ಕರ್ಚೀಫಿನಿಂದ ಬಿಚ್ಚಿ ನೋಡಿ ಮತ್ತೆ ಕಟ್ಟಿದಳು. ಕುಂದಾಪುರದ ಮೇಲ್ಸೇತುವೆ ಇಳಿಯುವಾಗ ಅಣ್ಣ ಸ್ಟೇರಿಂಗನ್ನು ಅತ್ತಿತ್ತ ಸ್ವಲ್ಪ ಆಡಿಸಿ ನೋಡಿದ.

"ಹಿಂದ್ ಎಂತೋ ಎಳ್ದಾಂಗ್ ಆತಾ ಇತ್ತ್. ಗಾಳಿ ಎರಡೂ ಬದಿ ಕಂಡಿದ್ಯಾ?"

ಆಗ ಹೇಳಬಹುದಿತ್ತು. ಅಲ್ಲಿಂದ ಮುಂದೆ ಕೋಟೇಶ್ವರದಲ್ಲಿ ಬಂಕು ಇದೆ, ತೆಕ್ಕಟ್ಟೆಯಲ್ಲಿ ಇದೆ. ಐದು ನಿಮಿಷದ ಕೆಲಸ.

"ಕಂಡೆ ಮಾರಾಯ. ಪೆಟ್ಗಿ ಭಾರ ಇರ್ಕ್" ಅಂದೆ.

"ಭಾರ ಇಲ್ದೆ ಇರ್ತಾ? ಚಿಕ್ಕಮ್ಮ ಇಡೀ ಬ್ರಹ್ಮಾವರಕ್ಕೇ ಊಟ ಹೇಳಿರ್ ಅಂಬ್ರ್" ಅಂದಳು ಅಮ್ಮ. ಅಣ್ಣ ನಕ್ಕ. ಅದಾದ ಮೇಲೆ ಅವನು ಮತ್ತೆ ಕೇಳಲಿಲ್ಲ.

ಕೋಟ ದಾಟಿ, ಸಾಲಿಗ್ರಾಮ ದಾಟಿದ ಮೇಲೆ ರಬ್ಬರು ಸುಟ್ಟ ವಾಸನೆ ಬಂತು. ಹೆದ್ದಾರಿಯ ಕೆಲಸ ನಡೆಯುತ್ತಿತ್ತು, ಡಾಂಬರಿನ ವಾಸನೆ ಇರಬೇಕು ಎಂದು ಕಿಟಕಿ ಏರಿಸಿದೆ. ಬಿಸಿಲು ಜೋರಾಗಿತ್ತು, ಗಾಡಿ ಎಂಬತ್ತರ ಮೇಲೆ ಓಡುತ್ತಿತ್ತು. ಗಾಳಿ ಕಡಿಮೆಯಿದ್ದ ಟೈರಿನ ಪಕ್ಕದ ಗೋಡೆ ಪ್ರತಿ ಸುತ್ತಿಗೂ ಮಡಚಿ ಬಿಚ್ಚುತ್ತದೆ. ಮಡಚಿದಷ್ಟೂ ಬಿಸಿಯಾಗುತ್ತದೆ. ನಾವುಂದದಿಂದ ಅಲ್ಲಿಯವರೆಗೆ ಅದು ಎಷ್ಟು ಸಾವಿರ ಸಲ ಮಡಚಿತ್ತೋ, ನನ್ನ ಕಾಲಿನಿಂದ ಒಂದು ಮಾರು ದೂರದಲ್ಲಿ.

ದೊಡ್ಡ ಗರ್ನಾಲು ಪಟಾಕಿ ಸಿಡಿದ ಹಾಗೆ ಸದ್ದಾಯಿತು. ಗಾಡಿಯ ಹಿಂಭಾಗ ಕುಸಿಯಿತು, ಆಮೇಲೆ ಬಾಲದ ಹಾಗೆ ಬಲಕ್ಕೆ ಬೀಸಿತು. ನನಗೆ ಕಂಡದ್ದು ಮುಂದಿನ ಗಾಜಿನಲ್ಲಿ ರಸ್ತೆ ಅಡ್ಡವಾದದ್ದು. ಒಮ್ಮೆ ನಡುವಿನ ಡಿವೈಡರು, ಒಮ್ಮೆ ಎಡಗಡೆಯ ಬಸ್ ನಿಲ್ದಾಣ, ಮತ್ತೆ ಡಿವೈಡರು, ಮತ್ತೆ ಬಸ್ ನಿಲ್ದಾಣ. ಎರಡನೇ ಸಲ ನಿಲ್ದಾಣ ತೀರ ಹತ್ತಿರವಿತ್ತು. ಅಲ್ಲಿ ಮೂವರಿದ್ದರು. ಕೊಡೆ ಮಡಚಿ ಹಿಡಿದ ಒಬ್ಬ ಮುದುಕ. ಕಂಕುಳಲ್ಲಿ ಮಗು ಎತ್ತಿಕೊಂಡ ಒಬ್ಬಳು ಹೆಂಗಸು. ಮಗುವಿನ ಕೈಯಲ್ಲಿ ಬಿಸ್ಕತ್ತು. ಆ ಹೆಂಗಸು ಓಡಲಿಲ್ಲ. ಮಗುವಿನ ತಲೆಯನ್ನು ಕೈಯಿಂದ ಮುಚ್ಚಿ ನಮಗೆ ಬೆನ್ನು ತಿರುಗಿಸಿದಳು, ಅಷ್ಟೆ.

ಅಣ್ಣ ಬ್ರೇಕು ಒತ್ತಲಿಲ್ಲ. ಎರಡು ಕೈಯಲ್ಲೂ ಸ್ಟೇರಿಂಗ್ ಹಿಡಿದು ಗಾಡಿಯನ್ನು ರಸ್ತೆ ಕೆಲಸದವರು ಸುರಿದಿದ್ದ ಜಲ್ಲಿಯ ರಾಶಿಗೆ ತಿರುಗಿಸಿದ. ಗಾಡಿ ರಾಶಿ ಹತ್ತಿ, ಹಿಂಭಾಗ ನಿಲ್ದಾಣದ ಕಡೆಗೆ ತಿರುಗಿ, ಓರೆಯಾಗಿ ನಿಂತಿತು. ಹಿಂದಿನ ಬಾಗಿಲು ತೆರೆದುಕೊಂಡು ಪೆಟ್ಟಿಗೆಗಳು ಹೊರಗೆ ಹಾರಿದವು.

ಆಮೇಲೆ ಸದ್ದೇ ಇರಲಿಲ್ಲ. ಜಲ್ಲಿ ಕಲ್ಲುಗಳು ಒಂದೊಂದಾಗಿ ಜಾರುವ ಸದ್ದು ಮಾತ್ರ.

"ಅಮ್ಮ" ಅಂದ ಅಣ್ಣ. ಅಮ್ಮ ಬಲಗೈಯನ್ನು ಎಡಗೈಯಲ್ಲಿ ಹಿಡಿದು ಕೂತಿದ್ದಳು. "ನಂಗ್ ಎಂತ ಆಯ್ಲ. ಅಲ್ಲ್ ನಿಂತವ್ರನ್ನ್ ಕಾಣ್. ಹೋಗ್, ಅವ್ರನ್ನ್ ಕಾಣ್" ಅಂದಳು.

ನಾನು ಇಳಿದು ಓಡಿದೆ. ಐಸು ನಮ್ಮ ಗಾಡಿಗಿಂತ ಮುಂದೆ ಜಾರಿಹೋಗಿತ್ತು. ಬಸ್ ನಿಲ್ದಾಣದ ಸಿಮೆಂಟಿನ ನೆಲದ ಮೇಲೆಲ್ಲ ಐಸಿನ ತುಂಡುಗಳು, ಬಂಗುಡೆಗಳು. ಒಂದು ಅಂಜಲ್ ಆ ಹೆಂಗಸಿನ ಕಾಲಿನ ಹತ್ತಿರವೇ ಬಿದ್ದಿತ್ತು. ಮಗು ಕೆಳಗಿಳಿದು ಒಂದು ತುಂಡು ಐಸನ್ನು ಹಿಡಿದುಕೊಂಡು, ಕೈ ತಣ್ಣಗಾಯಿತೆಂದು ನಗುತ್ತಿತ್ತು. ಹೆಂಗಸು ಬಾಗಿ ಅಂಜಲನ್ನು ಬಾಲ ಹಿಡಿದು ಎತ್ತಿ ನನ್ನ ಕಡೆ ಚಾಚಿದಳು.

"ನಿಮ್ಮ ಮೀನ್" ಅಂದಳು.  ನಾನು ಅದನ್ನು ತೆಗೆದುಕೊಂಡೆ. ಆ ಗಳಿಗೆಯಲ್ಲಿ ಬೇರೆ ಏನು ಮಾಡಬೇಕೆಂದು ಇಬ್ಬರಿಗೂ ತೋಚಿರಲಿಲ್ಲ.

ಮುದುಕರು ಕೊಡೆಯಿಂದ ಗಾಡಿಯನ್ನು ತೋರಿಸಿ, "ಡ್ರೈವರಿಗೆ ನಿದ್ದಿ ಬಂದದ್ದಾ ಎಂತ?" ಎಂದು ಕೇಳಿದರು. ಅಣ್ಣ ಹಿಂದೆಯೇ ಬಂದು ನಿಂತಿದ್ದ. ಅದು ಅವನ ಕಿವಿಗೆ ಬಿತ್ತು. 

ಗಾಡಿ ನಿಂತಲ್ಲಿಂದ ನಿಲ್ದಾಣದ ಕಂಬಕ್ಕೆ ನಾಲ್ಕು ಹೆಜ್ಜೆ. ಜನ ಕೂಡಿ ಅಮ್ಮನನ್ನು ಆಸ್ಪತ್ರೆಗೆ ಕಳಿಸುವ ಗಡಿಬಿಡಿಯಲ್ಲಿ ನಾನು ಅದನ್ನು ನಡೆದು ಅಳೆದಿದ್ದೆ. ಯಾಕೆ ಅಳೆದೆನೋ ಗೊತ್ತಿಲ್ಲ.

ಅಮ್ಮನ ಬಲಗೈ ಮಣಿಕಟ್ಟು ಮುರಿದಿತ್ತು. ಆರು ವಾರ ಪಟ್ಟಿ. ಚಿಕ್ಕಮ್ಮನ ಮನೆಯವರೆಲ್ಲ ಶಾಸ್ತ್ರ ಮುಗಿಸಿ ಆಸ್ಪತ್ರೆಗೇ ಬಂದರು. ನೋಡಲು ಬಂದವರೆಲ್ಲ ಕೇಳಿದ್ದು ಆ ಮುದುಕರು ಕೇಳಿದ್ದನ್ನೇ. ನಾಲ್ಕು ಗಂಟೆಗೆ ಎದ್ದವನಂತೆ, ಬಿಸಿಲಂತೆ, ಕಣ್ಣು ಮುಚ್ಚಿರಬೇಕು. ಗಾಡಿ ರಸ್ತೆ ಬಿಟ್ಟು ಇಳಿದಾಗ ಕಲ್ಲು ತಾಗಿ ಟೈರು ಒಡೆದಿರಬೇಕು. ಅಮ್ಮ ಕೂಡ ನೋವಿನಲ್ಲಿ, "ಪಾಪ, ನಿದ್ದಿ ಕೆಟ್ಟವ" ಅಂದಳು. ಅಣ್ಣ ಮೊದಲ ದಿನ, "ಇಲ್ಲ, ಮುಂಚೆ ಸದ್ದಾಯ್ತ್" ಅಂದ. ಎರಡನೇ ದಿನ, "ಸದ್ದ್ ಮುಂಚೆ ಆದ್ದಾಂಗ್ ನೆನಪ್" ಅಂದ. ವಾರ ಕಳೆಯುವಷ್ಟರಲ್ಲಿ, "ನಂಗ್ ಸಮ ನೆನ್ಪಿಲ್ಲೆ. ಕಣ್ ಮುಚ್ಚಿದ್ನೋ ಏನೋ" ಅನ್ನತೊಡಗಿದ. ಅವನ ನೆನಪು ಹೀಗೆ ಅವನ ಕೈಯಿಂದ ಜಾರಿದ್ದನ್ನು ನಾನು ದಿನವೂ ನೋಡಿದೆ. ಸದ್ದೇ ಮುಂಚೆ ಆದದ್ದು. ನಾನು ಎಚ್ಚರವಾಗಿದ್ದೆ, ಅವನೂ ಎಚ್ಚರವಾಗಿದ್ದ. ಇದನ್ನು ಹೇಳಿದರೆ ಮುಂದಿನ ಪ್ರಶ್ನೆ ಟೈರು ಯಾಕೆ ಒಡೆಯಿತು ಎಂಬುದು. ಅದಕ್ಕೇ ನಾನು, "ನಂಗೂ ಸಮ ಗೊತ್ತಾಯ್ಲ" ಅಂದೆ.

ಹೊಸ ಟೈರು ಹಾಕಿಸಲು ಅಣ್ಣ ಬರಲಿಲ್ಲ. ಗಾಡಿಯನ್ನು ಬೇರೊಬ್ಬರು ಹೆಚ್ಚುವರಿ ಚಕ್ರ ಹಾಕಿ ಓಡಿಸಿ ಹೆಮ್ಮಾಡಿಯ ಟೈರಿನಂಗಡಿಗೆ ತಂದರು, ನಾನು ಬಸ್ಸಿನಲ್ಲಿ ಹೋದೆ. ಅಂಗಡಿಯವರು ನಮಗೆ ಹಳಬರು. ಒಡೆದ ಟೈರನ್ನು ರಿಮ್ಮಿನಿಂದ ಬಿಡಿಸಿ, ಬಾಯಿ ಕೆಳಗೆ ಮಾಡಿ ಕುಟ್ಟಿದರು. ಒಳಗಿನಿಂದ ಒಂದು ಬೊಗಸೆಯಷ್ಟು ಕಪ್ಪು ಪುಡಿ ಸುರಿಯಿತು.

"ಕಾಣಿ ಟೀಚರ್ರೆ, ಮೀನಿಗೆ ಮಸಾಲಿ ಅರ್ದಿಟ್ಟಾಂಗಿತ್ತ್. ಕಲ್ಲ್ ತಾಗಿ ಒಡೆದ್ರೆ ಒಂದ್ ಬದಿ ಹರಿತ್ತ್, ಅಷ್ಟೆ. ಹೀಂಗ್ ಪುಡಿ ಆಪುದ್ ಗಾಳಿ ಇಲ್ದೆ ದೂರ ಓಡ್ದಾಗ ಮಾತ್ರ." ಅವರು ಪುಡಿಯನ್ನು ಬೆರಳಲ್ಲಿ ಉಜ್ಜಿ ನೋಡಿದರು. "ಗಾಳಿ ಕಂಡದ್ ಯಾರ್?"

"ನಾನು."

ಅವರು ನನ್ನ ಮುಖ ನೋಡಿದರು. ಹೊಸ ಟೈರನ್ನು ಕೂರಿಸಿ, ನಟ್ಟುಗಳನ್ನು ಒಂದಕ್ಕೊಂದು ಎದುರಾಗಿ ಬಿಗಿಯತೊಡಗಿದರು. ಒಂದರ ಪಕ್ಕ ಒಂದು ಬಿಗಿದರೆ ಚಕ್ರ ಓರೆಯಾಗಿ ಕೂರುತ್ತದೆ. ಕೊನೆಯ ನಟ್ಟಿಗೆ ಬಂದಾಗ ಹೇಳಿದರು:

"ಹಿಂದಿನ್ ಟೈರ್ ಹೋದ್ರೆ ಗಾಡಿ ಪಲ್ಟಿ ಆಪುದೇ ಹೆಚ್ಚ್. ಹೆಚ್ಚಿನವ್ರ್ ಬ್ರೇಕ್ ಒತ್ತತ್ರ್, ಮುಗೀತ್. ನಿಮ್ಮಣ್ಣ ನಿಲ್ಸಿದ ಅಲ್ದಾ? ಅದ್ ಕೈಯಂದ್ರೆ ಕೈ. ಅವ್ನಿಗೆ ಹೇಳಿ."

"ನೀವು ಅವನಿಗೆ ಏನೂ ಹೇಳಬೇಡಿ" ಅಂದೆ.

"ನಾ ಟೈರ್ ಹಾಕುವವ. ನಿಮ್ಮನಿ ಸುದ್ದಿ ನಂಗ್ ಎಂತಕ್ಕ್?" ಅಂದರು. ಆದರೆ ಅಲ್ಲಿಂದ ಹೊರಡುವಾಗ ಅವರು ನನಗೆ ಯಾವಾಗಲಿನ ಹಾಗೆ "ಬನ್ನಿ ಟೀಚರ್ರೆ" ಎಂದು ಹೇಳಲಿಲ್ಲ.

ಗಾಡಿ ಮನೆಯ ಅಂಗಳದಲ್ಲಿ ಟಾರ್ಪಾಲಿನ ಕೆಳಗೆ ನಿಂತಿತು. ಅಣ್ಣ ಬೆಳಿಗ್ಗೆ ಎದ್ದು ತೀರಕ್ಕೆ ನಡೆದು ಹೋಗಿ ಬೇರೆಯವರ ಬಲೆಯ ಹಗ್ಗ ಎಳೆದು ಬರುತ್ತಿದ್ದ. ಅಮ್ಮ ಎಡಗೈಯಲ್ಲಿ ಮೀನು ಕತ್ತರಿಸಲು ಕಲಿಯುತ್ತಿದ್ದಳು. "ಗಾಡಿ ತೆಗಿ ಮಗ, ಗಿರಾಕಿ ಎಲ್ಲ ಕೇಂತಾ ಇದ್ರ್" ಎಂದು ಅವಳು ದಿನಕ್ಕೊಮ್ಮೆ ಹೇಳುವಳು. ಅವನು ತನ್ನ ಅಂಗೈಗಳನ್ನು ತಿರುಗಿಸಿ ನೋಡಿ, "ಆ ಮಗು ಕಣ್ಣಿಗೆ ಬತ್ತ್ ಅಮ್ಮ" ಅನ್ನುವನು. ನನ್ನ ಕಣ್ಣಿಗೂ ಅದೇ ಮಗು ಬರುತ್ತಿತ್ತು. ನಾವಿಬ್ಬರೂ ಒಂದೇ ಮಗುವನ್ನು ನೋಡುತ್ತ, ಒಂದೇ ಜಗಲಿಯ ಎರಡು ಮೂಲೆಯಲ್ಲಿ ಕೂತಿರುತ್ತಿದ್ದೆವು.

ಒಂದು ಶನಿವಾರ ನಾನು ಬಸ್ಸಿನಲ್ಲಿ ಆ ನಿಲ್ದಾಣಕ್ಕೆ ಹೋಗಿ ಇಳಿದೆ. ಜಲ್ಲಿಯ ರಾಶಿ ಇರಲಿಲ್ಲ. ರಸ್ತೆಗೆ ಹಾಕಿ ಮುಗಿಸಿದ್ದರು. ಅದಿದ್ದ ಜಾಗದಲ್ಲಿ ಸ್ವಲ್ಪ ಬಿಳಿಯ ಪುಡಿ, ಅಷ್ಟೆ. ನಿಲ್ದಾಣದಲ್ಲಿ ಇಬ್ಬರು ಹುಡುಗಿಯರು ನಿಂತು ಒಂದೇ ಫೋನು ನೋಡುತ್ತ ನಗುತ್ತಿದ್ದರು. ನಾನು ಆ ಹೆಂಗಸು ನಿಂತಿದ್ದಲ್ಲಿ ನಿಂತು ರಸ್ತೆಯ ಕಡೆಗೆ ನೋಡಿದೆ. ಕೆಲಸದವರು ಆ ರಾಶಿಯನ್ನು ಮೊದಲೇ ಹಾಕಿ ಮುಗಿಸಿದ್ದರೆ ಅಣ್ಣನಿಗೆ ಗಾಡಿಯನ್ನು ಅತ್ತ ತಿರುಗಿಸಲು ಏನೂ ಇರುತ್ತಿರಲಿಲ್ಲ. ಮುಂದಿನ ಬಸ್ಸು ಬಂದಾಗ ಕೈ ಎತ್ತಲು ನೆನಪಾಗಲಿಲ್ಲ. ಆ ಹುಡುಗಿಯರೇ ನಿಲ್ಲಿಸಿ ನನ್ನನ್ನು ಹತ್ತಿಸಿದರು.

ಕಾಲೇಜಿನಲ್ಲಿ ಅದೇ ತಿಂಗಳು ಅನಿಲಗಳ ಒತ್ತಡದ ಪಾಠ ಬಂತು. ಬೋರ್ಡಿನ ಮೇಲೆ ಒಂದು ಚಕ್ರದ ಚಿತ್ರ ಬರೆಯುವುದು ನನ್ನ ಪದ್ಧತಿ. ಆ ಸಲ ಬಲೂನು ಬರೆದೆ.

ಎರಡು ತಿಂಗಳ ಮೇಲೆ ಗಾಡಿ ನೋಡಲು ಕೆರಾಡಿಯ ಕಡೆಯಿಂದ ಒಬ್ಬರು ಬಂದರು. ಹಿಂದೆ ನಮ್ಮಿಂದಲೇ ಮೀನು ಕೊಳ್ಳುತ್ತಿದ್ದವರು, ಈಗ ಹಾಲು ಸಾಗಿಸಲು ಗಾಡಿ ಬೇಕಾಗಿತ್ತು. ಅಣ್ಣ ಮಾರುವ ವಿಚಾರ ನಮಗ್ಯಾರಿಗೂ ಹೇಳಿರಲಿಲ್ಲ. ಅವರು ಟಾರ್ಪಾಲು ಎತ್ತಿ, ಬಾನೆಟ್ಟು ಎತ್ತಿ, ಬಾಗಿ ಚಕ್ರ ನೋಡಿದರು. ನಾನು ಬೆಲ್ಲ ನೀರಿನ ತಟ್ಟೆ ಹಿಡಿದು ಮೆಟ್ಟಿಲ ಮೇಲೆ ನಿಂತಿದ್ದೆ. ಅಮ್ಮ ಬಾಗಿಲಲ್ಲಿ ಇದ್ದಳು.

"ಆಕ್ಸಿಡೆಂಟ್ ಆದ್ ಗಾಡಿ ಅಲ್ದಾ? ದೋಷ ಎಂತಾರೂ ಇದ್ರೆ ಈಗ್ಳೇ ಹೇಳಿ ಮಾರಾಯ್ರೆ. ಮತ್ತೆ ಘಾಟಿ ಬದಿ ರಸ್ತಿಯಂಗೆ ನಾ ಹಾಲಿನ್ ಒಟ್ಟಿಗೇ ಮೇಲ್ ಹೋಪುದ್ ಬ್ಯಾಡ" ಅಂದರು ಆ ಮನುಷ್ಯ.

"ಗಾಡಿಗ್ ಎಂತ ದೋಷ ಇಲ್ಲೆ" ಅಂದ ಅಣ್ಣ. "ದೋಷ ಇದ್ದದ್ ನನ್ನ ಕೈಯಗೆ. ನಾ ನಿದ್ದಿ ಮಾಡಿದೆ. ನಾ ಇನ್ ಗಾಡಿ ಬಿಡುದಿಲ್ಲೆ."

ಅವನು ಅದನ್ನು ಹೊರಗಿನವರ ಮುಂದೆ, ತಲೆ ತಗ್ಗಿಸದೆ, ನಿಜವೆಂದೇ ನಂಬಿ ಹೇಳಿದ. ಎರಡು ತಿಂಗಳ ಹಿಂದೆ "ಮುಂಚೆ ಸದ್ದಾಯ್ತ್" ಅಂದವನು.

ನಾನು ತಟ್ಟೆಯನ್ನು ಮೆಟ್ಟಿಲ ಮೇಲಿಟ್ಟೆ. "ಅಣ್ಣ ನಿದ್ದಿ ಮಾಡ್ಲ" ಅಂದೆ. "ಬಲಬದಿ ಹಿಂದಿನ್ ಚಕ್ರಕ್ಕೆ ಗಾಳಿ ಹಾಕ್ಲ. ನಾ ಹಾಕ್ಲ. ಅಲ್ಲ್ ಕೊಳ್ಕ್ ನೀರಿತ್ತ್, ಸೀರಿ ಹಾಳಾತ್ ಅಂದೇಳಿ ಬಿಟ್ಟೆ. ಕುಂದಾಪ್ರದಗೆ ನೀ ಕೇಂಡೆ. ಆಗ್ಳೂ ಸುಳ್ಳ್ ಹೇಳ್ದೆ. ಟೈರ್ ಅಂಗ್ಡಿಯವ್ರ್ ನಿನ್ನ ಕೈ ದೊಡ್ಡದ್ ಅಂದ್ರ್. ಅದನ್ನೂ ನಾ ಹೇಳ್ಲ."

ಬಂದ ಮನುಷ್ಯ ನಮ್ಮ ಮೂವರ ಮುಖವನ್ನೂ ನೋಡಿದರು. "ಹಾಂಗಾರೆ ಗಾಡಿ ಕೊಡುದೋ, ಇಲ್ಯೋ?" ಎಂದು ಮೆಲ್ಲಗೆ ಕೇಳಿದರು.

ಆಮೇಲೆ ಅವರು ಬೆಲ್ಲ ನೀರನ್ನು ತಾವೇ ಎತ್ತಿಕೊಂಡು ಕುಡಿದು, "ಮತ್ತ್ ಬತ್ತೆ" ಎಂದು ಹೊರಟುಹೋದರು.

ಅಣ್ಣ ಕೂಗಾಡುತ್ತಾನೆ ಅಂದುಕೊಂಡಿದ್ದೆ. ಅವನು ಗಾಡಿಯ ಬಲಗಡೆಗೆ ಹೋಗಿ ಹೊಸ ಟೈರಿನ ಮೇಲೆ ಕೈಯಿಟ್ಟು ಕುಕ್ಕರಗಾಲಲ್ಲಿ ಕೂತ. ನನ್ನ ಕಡೆ ತಿರುಗದೆ ಮಾತಾಡಿದ.

"ಎರಡ್ ತಿಂಗ್ಳ್ ನಾ ನನ್ನ ಕೈ ಕಂಡ್ಕಂಡ್ ಕೂತಿದ್ದೆ. ನೀ ನನ್ನ ಕಾಂತಾ ಇದ್ದೆ."

 ಅಮ್ಮ ಬಾಗಿಲಿನಿಂದ, "ಸೀರಿಗಾ?" ಎಂದಳು. ಒಂದೇ ಮಾತು. ಮೂವತ್ತು ವರ್ಷ ಮೀನಿನ ನೀರು ಸೋರುವ ಬುಟ್ಟಿಯನ್ನು ತಲೆಯ ಮೇಲೆ ಹೊತ್ತು ನನ್ನನ್ನು ಓದಿಸಿದವಳು. ಆಮೇಲೆ ಒಳಗೆ ಹೋದಳು. ಇವತ್ತಿಗೂ ನನಗೆ ಅಣ್ಣನ ಮಾತಿಗಿಂತ ಅದೇ ಹೆಚ್ಚು ಕೇಳಿಸುತ್ತದೆ.

ಮಾರನೆಯ ದಿನ ಬೆಳಿಗ್ಗೆ ಟಾರ್ಪಾಲು ಮಡಚಿ ಜಗಲಿಯಲ್ಲಿತ್ತು. ಗಾಡಿ ಇರಲಿಲ್ಲ. ಅಮ್ಮನೂ ಇರಲಿಲ್ಲ. ಅವಳ ಬುಟ್ಟಿಯೂ ಇರಲಿಲ್ಲ. ಹನ್ನೊಂದು ಗಂಟೆಗೆ ಇಬ್ಬರೂ ಬಂದರು. ಅಣ್ಣನ ಅಂಗಿ ಬೆವರಿನಿಂದ ಬೆನ್ನಿಗೆ ಅಂಟಿತ್ತು. ಶಂಕರನಾರಾಯಣದವರೆಗೆ ಮೂವತ್ತು ನಲವತ್ತರಲ್ಲೇ ಓಡಿಸಿದನೆಂದು ಅಮ್ಮ ಯಾರಿಗೋ ಹೇಳುವುದನ್ನು ಕೇಳಿದೆ. ಅವನು ಬಾವಿಯಿಂದ ನೀರು ಸೇದಿ ತಾನೇ ನಾಲ್ಕೂ ಚಕ್ರ ತೊಳೆದ. ನಾನು ಇನ್ನೊಂದು ಕೊಡ ತಂದೆ. ಅವನು, "ಇಡ್ ಅಲ್ಲೆ" ಅಂದ. ಇಟ್ಟೆ. ಅವನು ಅದನ್ನು ಮುಟ್ಟಲಿಲ್ಲ.

ಗೇಜು ಈಗ ಅವನ ಅಂಗಿಯ ಜೇಬಿನಲ್ಲಿರುತ್ತದೆ. ಮರಳಿಗೆ ಇಳಿಯುವ ಮುಂಚೆ ಒಮ್ಮೆ, ಬಂಕಿನಲ್ಲಿ ಒಮ್ಮೆ, ದೂರ ಹೋಗುವುದಿದ್ದರೆ ನಡುವೆ ಮತ್ತೊಮ್ಮೆ, ನಾಲ್ಕು ಚಕ್ರ ಮತ್ತು ಹೆಚ್ಚುವರಿ ಚಕ್ರ ಸೇರಿ ಐದನ್ನೂ ಅವನೇ ಅಳೆಯುತ್ತಾನೆ. ಬಿಪಿ ಎಂಬ ಶಬ್ದ ನಮ್ಮ ಮನೆಯಲ್ಲಿ ಯಾರೂ ಆಡುವುದಿಲ್ಲ. ಅಮ್ಮನ ಮಣಿಕಟ್ಟು ಪೂರ್ತಿ ತಿರುಗುವುದಿಲ್ಲ. ದೊಡ್ಡ ಮೀನನ್ನು ಅಣ್ಣ ಕತ್ತರಿಸಿ ಕೊಡುತ್ತಾನೆ, ಸಣ್ಣದನ್ನು ಅವಳು.

ನಾನು ಭಾನುವಾರ ತೀರಕ್ಕೆ ಹೋಗುವುದನ್ನು ಬಿಡಲಿಲ್ಲ. ಬಾ ಎಂದು ಅವನು ಕರೆಯುತ್ತಿರಲಿಲ್ಲ, ಬೇಡ ಎಂದೂ ಹೇಳುತ್ತಿರಲಿಲ್ಲ. ಹಳೆಯ ಹತ್ತಿಯ ಸೀರೆ ಉಟ್ಟು ಹೋಗಿ ಹಿಂದಿನ ಸೀಟಿನಲ್ಲಿ ಕೂರುತ್ತಿದ್ದೆ. ಮರಳಿನ ಅಂಚಿನಲ್ಲಿ ಅವನು ಬೀಗದ ಕೈಯಿಂದ ವಾಲ್ವು ಒತ್ತಿ ಹಿಡಿದು ಮನಸ್ಸಿನಲ್ಲೇ ಎಣಿಸುತ್ತಿದ್ದ, ತುಟಿ ಅಲುಗುತ್ತಿತ್ತು. ನಾನೂ ಸ್ವಲ್ಪ ದೂರದಲ್ಲಿ ನಿಂತು ಮನಸ್ಸಿನಲ್ಲೇ ಎಣಿಸುತ್ತಿದ್ದೆ. ನಾಲ್ಕು ಭಾನುವಾರ ಹೀಗೆ ಕಳೆಯಿತು.

ಐದನೆಯ ಭಾನುವಾರ ಅವನು ಬಲಗಡೆಯ ಹಿಂದಿನ ಚಕ್ರದ ಬಳಿ ಕೂತಿದ್ದಾಗ ಬಲೆಯ ಕಡೆಯಿಂದ ಯಾರೋ ಕೂಗಿದರು, "ಹ್ವಾಯ್, ಬೇಗ ಬಾ ಮಾರಾಯ, ಮೀನ್ ನಿಂಗ್ ಕಾದ್ಕಂಡ್ ಕೂಕಂತ್ತಿಲ್ಲೆ!" ಅವನು ತಲೆ ಎತ್ತಿ ಉತ್ತರ ಕೊಟ್ಟ. ಎಣಿಕೆ ತಪ್ಪಿತು. ಬೀಗದ ಕೈ ಒತ್ತಿಯೇ ಇತ್ತು, ಗಾಳಿ ಹೋಗುತ್ತಲೇ ಇತ್ತು. ಒಂದು ಕ್ಷಣ ಅವನು ಮರಳನ್ನು ನೋಡಿದ.

"ಎಷ್ಟಾಯ್ತ್?" ಅಂದ.

"ನಲವತ್ತೇಳು. ನಲವತ್ತೆಂಟು" ಅಂದೆ.

ಅಲ್ಲಿಂದ ಅರವತ್ತರವರೆಗೆ ನಾನು ಗಟ್ಟಿಯಾಗಿ ಎಣಿಸಿದೆ. ಅವನು ಕೈ ತೆಗೆದ. ಮುಚ್ಚಳ ಹಾಕುವ ಮುಂಚೆ ಜೇಬಿನಿಂದ ಗೇಜು ತೆಗೆದು ವಾಲ್ವಿಗೆ ಒತ್ತಿ, ಬಿಸಿಲಿಗೆ ಹಿಡಿದು ಓದಿದ. ಅದನ್ನು ನನಗೆ ತೋರಿಸಲಿಲ್ಲ. ನಾನು ಒದ್ದೆ ಮರಳಿನಲ್ಲಿ ಮೊಣಕಾಲೂರಿ, ಬಾಗಿ, ಅವನ ಕೈಯಲ್ಲಿದ್ದ ಗೇಜನ್ನು ನಾನಾಗಿಯೇ ಓದಿದೆ.